ಹುದ್ದೆಯ ಹೆಸರು ಒಂದು, ಲೈಸೆನ್ಸಿನ ಹೆಸರು ಇನ್ನೊಂದು: ಅಮೆರಿಕದಲ್ಲಿ ಎನ್‌ಪಿ ಕೆಲಸಕ್ಕೆ ಸಹಿ ಹಾಕುವ ಮುನ್ನ

ಹೋದ ವರ್ಷ ಸೆಪ್ಟೆಂಬರಿನ ಒಂದು ಭಾನುವಾರ, ದೋಸೆ ಹಂಚು ಕಾಯಲಿಕ್ಕಿಟ್ಟಿದ್ದೆ, ಫೋನ್ ಬಂತು. ಚನ್ನರಾಯಪಟ್ಟಣದ ಕಡೆಯ ಹುಡುಗಿ, ಈಗ ಟೆಕ್ಸಾಸಿನಲ್ಲಿದ್ದಾಳೆ. ಐಸಿಯುನಲ್ಲಿ ಒಂಬತ್ತು ವರ್ಷ ನರ್ಸ್ ಆಗಿ ದುಡಿದು, ನೈಟ್ ಡ್ಯೂಟಿಗಳ ನಡುವೆಯೇ ಓದಿ, ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್ (ಎಫ್‌ಎನ್‌ಪಿ) ಪರೀಕ್ಷೆ ಪಾಸಾದವಳು. ನರ್ಸ್ ಪ್ರಾಕ್ಟೀಷನರ್, ಅಂದರೆ ಎನ್‌ಪಿ, ಹೆಚ್ಚಿನ ಓದು ಮುಗಿಸಿ ರೋಗನಿರ್ಣಯ ಮಾಡುವ, ಔಷಧಿ ಬರೆಯುವ ನರ್ಸ್.

“ಅಕ್ಕಾ, ಆಫರ್ ಲೆಟರ್ ಬಂತು. ಕ್ರಿಟಿಕಲ್ ಕೇರ್ ಎನ್‌ಪಿ ಅಂತೆ. ನಮ್ಮ ಐಸಿಯುನೇ. ಸೈನ್ ಮಾಡ್ಬಿಡ್ಲಾ?”

“ನಿನ್ನ ಸರ್ಟಿಫಿಕೇಟ್ ಎಫ್‌ಎನ್‌ಪಿ ತಾನೇ?”

“ಹೂಂ.”

“ಹಂಗಾದ್ರೆ ಇವತ್ತು ಮಾಡ್ಬೇಡ. ಎರಡು ದೋಸೆ ಹುಯ್ದು ನಾನೇ ಫೋನ್ ಮಾಡ್ತೀನಿ.”

ಅವಳನ್ನು ತಡೆದಿದ್ದಕ್ಕೆ ಕಾರಣ ನನ್ನದೇ ಅನುಭವ. ನಾನೂ ಎಫ್‌ಎನ್‌ಪಿ. ಎನ್‌ಪಿಯಾಗಿ ಮೊದಲ ಕೆಲಸ ಸಿಕ್ಕಿದ್ದು ಒಂದು ದೊಡ್ಡ ಆಸ್ಪತ್ರೆಯ ಹೃದ್ರೋಗ ವಿಭಾಗದಲ್ಲಿ. ಜಾಹೀರಾತಿನಲ್ಲಿ ‘ಕಾರ್ಡಿಯಾಲಜಿ ಎನ್‌ಪಿ’ ಅಂತಷ್ಟೇ ಇತ್ತು. ಕ್ಲಿನಿಕ್ ಇರಬೇಕು ಅಂದುಕೊಂಡೆ. ಸೇರಿ ಮೂರು ವಾರಕ್ಕೆ ರಾತ್ರಿ ಪಾಳಿಯ ರೋಸ್ಟರ್‌ನಲ್ಲಿ ನನ್ನ ಹೆಸರು ಬಂತು: ಕಾರ್ಡಿಯಾಕ್ ಐಸಿಯು. ಅಷ್ಟರಲ್ಲಿ ಪ್ರಿವಿಲೇಜ್ ಕಮಿಟಿಯಿಂದ (ಯಾರು ಯಾವ ಕೆಲಸ ಮಾಡಬಹುದು ಅಂತ ಅನುಮತಿ ಕೊಡುವ ಆಸ್ಪತ್ರೆಯ ಸಮಿತಿ) ನನ್ನ ಫೈಲು ವಾಪಸ್ಸಾಯಿತು, ‘ತರಬೇತಿಗೂ ಕೆಲಸಕ್ಕೂ ಹೊಂದಾಣಿಕೆ ಇಲ್ಲ’ ಎಂಬ ಷರಾದೊಂದಿಗೆ. ಹಳೆಯ ಕೆಲಸ ಬಿಟ್ಟಾಗಿತ್ತು, ಹೊಸದು ಕೈಗೆ ಬಂದಿರಲಿಲ್ಲ. ಎರಡೂವರೆ ತಿಂಗಳು ಸಂಬಳವಿಲ್ಲದೆ ಕೂತೆ. ಆ ಆಸ್ಪತ್ರೆಯನ್ನು ಬೈಯುವಷ್ಟು ಬೈದಾಗಿದೆ. ಆದರೆ ಕಮಿಟಿ ಬರೆದ ಷರಾ ಸರಿಯಾಗಿಯೇ ಇತ್ತು.

ಅವತ್ತು ಆ ಹುಡುಗಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಅಮೆರಿಕದಲ್ಲಿ ಎನ್‌ಪಿ ಆಗಿರುವ, ಓದುತ್ತಿರುವ ನಮ್ಮವರಿಗೆ ಇದು ಮುಖ್ಯ. ಊರಿನಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿ ಈ ಕಡೆ ನೋಡುತ್ತಿರುವವರಿಗೆ ಕೊನೆಯಲ್ಲಿ ಒಂದಿಷ್ಟು ಬರೆದಿದ್ದೇನೆ.

ಮೊದಲು, ಕಂಡಕ್ಟರ್ ಕಥೆ

ಇಪ್ಪತ್ತು ವರ್ಷ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರಿಗೆ ಶಿರಾಡಿ ಘಾಟಿಯ ಒಂದೊಂದು ತಿರುವೂ ಗೊತ್ತಿರುತ್ತದೆ. ಎಲ್ಲಿ ಗೇರ್ ಇಳಿಸಬೇಕು, ಎಲ್ಲಿ ಹಾರನ್ ಹಾಕಬೇಕು, ಎಲ್ಲವೂ ಬಾಯಿಪಾಠ. ಕಾರು ಓಡಿಸುವ ಲೈಸೆನ್ಸೂ ಅವರ ಹತ್ತಿರ ಇರಬಹುದು. ಆದರೂ ಬಸ್ಸಿನ ಸ್ಟೀರಿಂಗ್ ಮುಟ್ಟಬೇಕಾದರೆ ಹೆವಿ ವೆಹಿಕಲ್ ಲೈಸೆನ್ಸ್ ಬೇಕೇ ಬೇಕು. ಅನುಭವ ಸುಳ್ಳಲ್ಲ, ಆದರೆ ಅದು ಬೇರೆ ಸೀಟಿನ ಅನುಭವ.

ಐಸಿಯು ನರ್ಸ್ ಆಗಿದ್ದ ಒಂಬತ್ತು ವರ್ಷ ಇಂಥದ್ದು. ವೆಂಟಿಲೇಟರ್ ಅಲಾರಂ ಕೇಳಿದ ಕೂಡಲೇ ಏನಾಗಿದೆ ಅಂತ ಗೊತ್ತಾಗುತ್ತದೆ. ಆದರೆ ರೋಗನಿರ್ಣಯ ಮಾಡಿ, ಔಷಧಿ ಬರೆದು, ವೆಂಟಿಲೇಟರಿನ ಸೆಟ್ಟಿಂಗ್ ಬದಲಿಸುವ ಆದೇಶ ಕೊಡುವುದು ಎನ್‌ಪಿ ಸೀಟು. ಆ ಸೀಟಿನಲ್ಲಿ ನೀವು ಕೂತು ಕಲಿತದ್ದು ಯಾವ ರೋಗಿಗಳ ಜೊತೆ ಎಂಬುದಕ್ಕೆ ಉತ್ತರ ನಿಮ್ಮ ಎನ್‌ಪಿ ಕೋರ್ಸಿನ ಕ್ಲಿನಿಕಲ್ ಪೋಸ್ಟಿಂಗ್‌ನಲ್ಲಿರುತ್ತದೆ. ಹಳೆಯ ಐಡಿ ಕಾರ್ಡ್ ಅದನ್ನು ಹೇಳುವುದಿಲ್ಲ. ನಮ್ಮವರಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲೇ, ಯಾಕೆಂದರೆ ನಮ್ಮಲ್ಲಿ ಬಹಳಷ್ಟು ಮಂದಿ ಗಟ್ಟಿ ಐಸಿಯು ನರ್ಸುಗಳು.

ಒಂದನೇ ಹೆಜ್ಜೆ: ಮೂರು ಪದಗಳನ್ನು ಬೇರೆ ಮಾಡಿಕೊಳ್ಳಿ

ಎನ್‌ಪಿ ಎಂಬ ಕೆಲಸ ಶುರುವಾಗಿದ್ದು 1965ರಲ್ಲಿ, ಕೊಲರಾಡೊ ವಿಶ್ವವಿದ್ಯಾಲಯದಲ್ಲಿ. ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ಕಟ್ಟಿದ ಮೊದಲ ಕೋರ್ಸು ಮಕ್ಕಳ ಆರೋಗ್ಯಕ್ಕಷ್ಟೇ ಸೀಮಿತವಾಗಿತ್ತು. ಅಂದರೆ ‘ಯಾವ ರೋಗಿಗಳಿಗೆ ಎನ್‌ಪಿ’ ಎಂಬ ಪ್ರಶ್ನೆ ಹುಟ್ಟಿನಿಂದಲೇ ಇದರ ಜೊತೆಗಿದೆ. ಆಮೇಲೆ ಒಂದೊಂದು ರಾಜ್ಯ ಒಂದೊಂದು ಹೆಸರು, ಒಂದೊಂದು ನಿಯಮ ಮಾಡಿಕೊಂಡು ಗೋಜಲಾಯಿತು. ಅದನ್ನು ಬಿಡಿಸಲು 2008ರಲ್ಲಿ ನರ್ಸಿಂಗ್ ಸಂಸ್ಥೆಗಳೆಲ್ಲ ಸೇರಿ ಒಂದು ಚೌಕಟ್ಟು ಒಪ್ಪಿಕೊಂಡವು. ಕನ್ಸೆನ್ಸಸ್ ಮಾಡೆಲ್ ಎನ್ನುವುದು ಅದನ್ನೇ.

ಅದರಲ್ಲಿ ಮೂರು ಪದರ. ಕೆಳಗಿನದು ರೋಲ್: ನರ್ಸ್ ಪ್ರಾಕ್ಟೀಷನರ್, ಕ್ಲಿನಿಕಲ್ ನರ್ಸ್ ಸ್ಪೆಷಲಿಸ್ಟ್, ನರ್ಸ್ ಅನೆಸ್ತೆಟಿಸ್ಟ್, ನರ್ಸ್ ಮಿಡ್‌ವೈಫ್ ಎಂಬ ನಾಲ್ಕರಲ್ಲಿ ಒಂದು. ಅದರ ಮೇಲೆ ಪಾಪ್ಯುಲೇಷನ್, ನಾನು ರೋಗಿವರ್ಗ ಅನ್ನುತ್ತೇನೆ. ಇವು ಆರು: ಎಲ್ಲ ವಯಸ್ಸಿನವರನ್ನೂ ನೋಡುವ ಫ್ಯಾಮಿಲಿ, ವಯಸ್ಕರು ಮತ್ತು ವೃದ್ಧರು, ಮಕ್ಕಳು, ನವಜಾತ ಶಿಶುಗಳು, ಮಹಿಳಾ ಆರೋಗ್ಯ, ಮಾನಸಿಕ ಆರೋಗ್ಯ. ಎನ್‌ಪಿಗಳಿಗೆ ವಯಸ್ಕರ ವರ್ಗದಲ್ಲೂ ಮಕ್ಕಳ ವರ್ಗದಲ್ಲೂ ಮತ್ತೆ ಎರಡು ಕವಲು, ಪ್ರೈಮರಿ ಕೇರ್ ಮತ್ತು ಅಕ್ಯೂಟ್ ಕೇರ್. ಲೈಸೆನ್ಸ್ ಸಿಗುವುದು ಈ ಎರಡು ಪದರಗಳಿಗೆ.

ಮೂರನೆಯದೇ ಸ್ಪೆಷಾಲಿಟಿ: ಹೃದ್ರೋಗ, ಕ್ಯಾನ್ಸರ್, ಮೂಳೆ, ಚರ್ಮ, ಉಪಶಮನ ಆರೈಕೆ, ಇತ್ಯಾದಿ. ಈ ಮಾದರಿಯಲ್ಲಿ ಇದಕ್ಕೆ ಪ್ರತ್ಯೇಕ ಲೈಸೆನ್ಸ್ ಇಲ್ಲ. ಕೆಳಗಿನ ಎರಡು ಪದರ ಗಟ್ಟಿಯಿದ್ದರೆ ಅದರ ಮೇಲೆ ಕಟ್ಟಿಕೊಳ್ಳಬಹುದು, ಕೆಳಗಿನದು ತಪ್ಪಿದ್ದರೆ ಮೇಲಿನದು ಎಷ್ಟು ಚೆಂದವಿದ್ದರೂ ಪ್ರಯೋಜನವಿಲ್ಲ. ‘ಕಾರ್ಡಿಯಾಲಜಿ ಎನ್‌ಪಿ’ ಎಂಬ ಲೈಸೆನ್ಸ್ ಇಲ್ಲ. ‘ಕ್ರಿಟಿಕಲ್ ಕೇರ್ ಎನ್‌ಪಿ’ ಎಂಬುದೂ ಇಲ್ಲ. ಅವು ಎಚ್‌ಆರ್‌ನವರು ಇಟ್ಟ ಹೆಸರು.

ಎರಡನೇ ಹೆಜ್ಜೆ: ನಿಮ್ಮ ಕಾಗದಗಳನ್ನು ಮೇಜಿನ ಮೇಲೆ ಹರಡಿ

ನಾಲ್ಕು ಕಾಗದ ಬೇಕು: ಎನ್‌ಪಿ ಕೋರ್ಸಿನ ಟ್ರಾನ್ಸ್‌ಕ್ರಿಪ್ಟ್, ಕ್ಲಿನಿಕಲ್ ಗಂಟೆಗಳ ಲಾಗ್, ರಾಷ್ಟ್ರೀಯ ಸರ್ಟಿಫಿಕೇಟ್, ರಾಜ್ಯದ ಲೈಸೆನ್ಸ್. ನಾಲ್ಕರಲ್ಲೂ ಒಂದೇ ರೋಲ್, ಒಂದೇ ರೋಗಿವರ್ಗ ಇದೆಯೇ ನೋಡಿ. ಸಾಮಾನ್ಯವಾಗಿ ಇರುತ್ತದೆ. ಇಲ್ಲದಿದ್ದರೆ ಅದನ್ನು ಸರಿಪಡಿಸಿಕೊಂಡ ಮೇಲೇ ಬೇರೆ ಮಾತು.

ಟ್ರಾನ್ಸ್‌ಕ್ರಿಪ್ಟಿನಲ್ಲಿ ಮೂರು ವಿಷಯ ಬೇರೆಬೇರೆ ಕೋರ್ಸುಗಳಾಗಿ ಕಾಣಬೇಕು: ಮುಂದುವರಿದ ಮಟ್ಟದ ಪ್ಯಾಥೊಫಿಸಿಯಾಲಜಿ, ಹೆಲ್ತ್ (ಫಿಸಿಕಲ್) ಅಸೆಸ್‌ಮೆಂಟ್, ಫಾರ್ಮಕಾಲಜಿ. ‘ತ್ರೀ ಪೀಸ್’, ಅಂದರೆ ಮೂರು ‘ಪಿ’ಗಳು, ಅಂತ ಎಲ್ಲರೂ ಕರೆಯುವುದು ಇವನ್ನೇ. ಲಾಗ್‌ನಲ್ಲಿ ಒಟ್ಟು ಗಂಟೆಯನ್ನಷ್ಟೇ ನೋಡಬೇಡಿ. ಹಿಂದೆ ಕನಿಷ್ಠ 500 ಗಂಟೆ ಎಂದಿತ್ತು, 2022ರಲ್ಲಿ ಬಂದ ಎನ್‌ಪಿ ಶಿಕ್ಷಣದ ರಾಷ್ಟ್ರೀಯ ಮಾನದಂಡ ಅದನ್ನು ರೋಗಿಯ ನೇರ ಆರೈಕೆಯ 750 ಗಂಟೆಗೆ ಏರಿಸಿತು. ಆ ಗಂಟೆಗಳು ಎಲ್ಲಿ ಕಳೆದವು ಎಂಬುದೇ ಇಲ್ಲಿ ವಿಷಯ. ನನ್ನ ಲಾಗ್ ತೆಗೆದು ನೋಡಿದಾಗ ಮಕ್ಕಳ ಕ್ಲಿನಿಕ್, ಗರ್ಭಿಣಿಯರ ಕ್ಲಿನಿಕ್, ಬಿಪಿ–ಶುಗರ್ ಕ್ಲಿನಿಕ್, ವೃದ್ಧಾಶ್ರಮ ಎಲ್ಲ ಇತ್ತು. ಆಸ್ಪತ್ರೆಯಲ್ಲಿ ಅಡ್ಮಿಟ್ ಆದ ರೋಗಿಯನ್ನು ಎನ್‌ಪಿ ವಿದ್ಯಾರ್ಥಿಯಾಗಿ ನೋಡಿದ ಒಂದೇ ಒಂದು ಗಂಟೆ ಇರಲಿಲ್ಲ. ಆ ಕಮಿಟಿ ನೋಡಿದ್ದೂ ಅದನ್ನೇ.

ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳು ಹಲವು. ಫ್ಯಾಮಿಲಿ ಪರೀಕ್ಷೆಯನ್ನು ಎಎನ್‌ಸಿಸಿಯೂ ನಡೆಸುತ್ತದೆ, ಎಎಎನ್‌ಪಿಸಿಬಿಯೂ ನಡೆಸುತ್ತದೆ. ಮೊದಲನೆಯದರಲ್ಲಿ ಪಾಸಾದರೆ ಹೆಸರಿನ ಮುಂದೆ ಎಫ್‌ಎನ್‌ಪಿ–ಬಿಸಿ, ಎರಡನೆಯದರಲ್ಲಾದರೆ ಎಫ್‌ಎನ್‌ಪಿ–ಸಿ. ಕೆಲಸದ ವ್ಯಾಪ್ತಿಯಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ, ವಾಟ್ಸಾಪ್ ಗ್ರೂಪುಗಳಲ್ಲಿ ಈ ಬಗ್ಗೆ ನಡೆಯುವ ಜಗಳಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ವಯಸ್ಕರ ಅಕ್ಯೂಟ್ ಕೇರ್‌ಗೆ ಎಎನ್‌ಸಿಸಿ ಅಥವಾ ಎಎಸಿಎನ್, ಮಕ್ಕಳ ಎರಡೂ ಕವಲಿಗೆ ಪಿಎನ್‌ಸಿಬಿ, ನವಜಾತ ಶಿಶು ಮತ್ತು ಮಹಿಳಾ ಆರೋಗ್ಯಕ್ಕೆ ಎನ್‌ಸಿಸಿ.

ಸರ್ಟಿಫಿಕೇಟ್ ನವೀಕರಣದಲ್ಲೂ ಒಂದು ಗುಟ್ಟಿದೆ. ಎಎಎನ್‌ಪಿಸಿಬಿಯಲ್ಲಿ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಪರೀಕ್ಷೆ ಮತ್ತೆ ಬರೆಯದೆ ಮಾಡುವುದಾದರೆ 1,000 ಗಂಟೆ ಕೆಲಸ ಮತ್ತು 100 ಗಂಟೆ ಮುಂದುವರಿದ ಶಿಕ್ಷಣ ತೋರಿಸಬೇಕು, ಅದರಲ್ಲಿ 25 ಫಾರ್ಮಕಾಲಜಿ. ಆ 1,000 ಗಂಟೆ ನಿಮ್ಮ ಸರ್ಟಿಫಿಕೇಟಿನ ರೋಲ್ ಮತ್ತು ರೋಗಿವರ್ಗದಲ್ಲೇ ಆಗಿರಬೇಕು. ಎಫ್‌ಎನ್‌ಪಿ ಹಿಡಿದುಕೊಂಡು ಐದು ವರ್ಷ ಐಸಿಯುನಲ್ಲಿ ದುಡಿದವರು ನವೀಕರಣದ ಅರ್ಜಿಯ ಮುಂದೆ ಕೂತಾಗ ಏನು ಬರೆಯುತ್ತಾರೋ ನೋಡಿ.

ಮೂರನೇ ಹೆಜ್ಜೆ: ವಾರ್ಡ್ ನೋಡಬೇಡಿ, ರೋಗಿಯನ್ನು ನೋಡಿ

ಇದಕ್ಕೆ ಮಾತ್ರ ಸಮಯ ಕೊಡಿ. ಅಕ್ಯೂಟ್ ಕೇರ್ ಅಂದರೆ ಆಸ್ಪತ್ರೆ, ಪ್ರೈಮರಿ ಕೇರ್ ಅಂದರೆ ಕ್ಲಿನಿಕ್ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಕನ್ಸೆನ್ಸಸ್ ಮಾಡೆಲ್ ಹಾಗೆ ಹೇಳುವುದಿಲ್ಲ. ಕಟ್ಟಡ ಯಾವುದು ಎನ್ನುವುದು ಅದಕ್ಕೆ ಮುಖ್ಯವಲ್ಲ, ರೋಗಿಗೆ ಬೇಕಾದ ಆರೈಕೆ ಮುಖ್ಯ. ಸ್ಥಿತಿ ಏರುಪೇರಾಗುತ್ತಿದೆಯೇ, ಯಂತ್ರಗಳ ಮೇಲೆ ಜೀವ ನಿಂತಿದೆಯೇ, ಯಾವ ಕ್ಷಣದಲ್ಲಾದರೂ ಕೈಕೊಡಬಹುದೇ? ಹೌದಾದರೆ ಅದು ಅಕ್ಯೂಟ್ ಕೇರ್‌ನವರ ರೋಗಿ. ದೀರ್ಘಕಾಲದ ಕಾಯಿಲೆ, ತಡೆಗಟ್ಟುವ ಆರೈಕೆ, ಸಾಮಾನ್ಯ ತೊಂದರೆಗಳಾದರೆ ಪ್ರೈಮರಿ ಕೇರ್‌ನವರದು.

ನಾನು ಹೇಳಿಕೊಡುವ ವಿಧಾನ ತೀರಾ ಸರಳ. ಕೆಲಸ ಕೊಡುವವರನ್ನು ಕೇಳಿ: “ಹೋದ ವಾರ ಈ ಹುದ್ದೆಯವರು ನೋಡಿದ ಹತ್ತು ರೋಗಿಗಳು ಎಂಥವರು? ಹೆಸರು ಬೇಡ.” ಉತ್ತರವನ್ನು ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿ ಬರೆದುಕೊಳ್ಳಿ. ವಯಸ್ಸು. ಸ್ಥಿರವೋ ಅಲ್ಲವೋ. ಎನ್‌ಪಿ ಏನು ಆದೇಶ ಕೊಟ್ಟರು. ಕೈಯಿಂದ ಏನು ಮಾಡಿದರು.

ಆ ಹುಡುಗಿ ತನ್ನ ಐಸಿಯುನಲ್ಲಿ ಎನ್‌ಪಿಗಳನ್ನು ದಿನವೂ ನೋಡುತ್ತಿದ್ದವಳು, ಯಾರನ್ನೂ ಕೇಳಬೇಕಾಗಿರಲಿಲ್ಲ. ಫೋನಿನಲ್ಲೇ ಇಬ್ಬರೂ ಬರೆದೆವು. 62 ವರ್ಷದ ಗಂಡಸು, ಸೆಪ್ಸಿಸ್, ಬಿಪಿ ನಿಲ್ಲಿಸಲು ನಾರ್‌ಎಪಿನೆಫ್ರಿನ್ ಹನಿ, ಡೋಸ್ ಏರಿಸುವ ಆದೇಶ ಎನ್‌ಪಿಯದು, ಸೆಂಟ್ರಲ್ ಲೈನ್ ಹಾಕಿದ್ದೂ ಎನ್‌ಪಿ. 71ರ ಹೆಂಗಸು, ವೆಂಟಿಲೇಟರ್, ಬೆಳಿಗ್ಗೆ ಟ್ಯೂಬ್ ತೆಗೆಯುವ ತೀರ್ಮಾನ. 44ರ ಗಂಡಸು, ಡಯಾಬಿಟಿಕ್ ಕೀಟೊಆಸಿಡೋಸಿಸ್, ಇನ್ಸುಲಿನ್ ಡ್ರಿಪ್. ಆರನೇ ರೋಗಿಗೆ ಬರುವಷ್ಟರಲ್ಲಿ ಆ ಕಡೆಯಿಂದ ಮಾತು ನಿಂತಿತ್ತು.

“ಅಕ್ಕಾ, ಇದರಲ್ಲಿ ಒಬ್ಬರನ್ನೂ ನಾನು ಎನ್‌ಪಿ ಕೋರ್ಸಲ್ಲಿ ನೋಡಿಲ್ಲ.”

“ಐಸಿಯುನಲ್ಲಿ ನೋಡಿದೀಯಲ್ಲ.”

“ನರ್ಸ್ ಆಗಿ ನೋಡಿದೀನಿ.”

ಹೆವಿ ವೆಹಿಕಲ್ ಕಥೆ ನಾನು ಮತ್ತೆ ಹೇಳಬೇಕಾಗಲಿಲ್ಲ.

ಇದೇ ಹಾಳೆ ತಿರುಗಿಯೂ ಕೆಲಸ ಮಾಡುತ್ತದೆ. ಹಾರ್ಟ್ ಫೇಲ್ಯೂರ್ ಕ್ಲಿನಿಕ್ಕಿಗೆ ತಿಂಗಳಿಗೊಮ್ಮೆ ನಡೆದುಕೊಂಡು ಬರುವ ರೋಗಿ: ತೂಕ ನೋಡು, ಮೂತ್ರದ ಮಾತ್ರೆ ಹೊಂದಿಸು, ಉಪ್ಪಿನಕಾಯಿ ಬಿಡಿ ಅಂತ ಹೇಳು, ಪೊಟ್ಯಾಸಿಯಂ ಪರೀಕ್ಷೆಗೆ ಬರೆ. ವಿಭಾಗ ಹೃದ್ರೋಗವೇ. ಆದರೆ ಇಲ್ಲಿ ಎಫ್‌ಎನ್‌ಪಿ ಧಾರಾಳವಾಗಿ ಹೊಂದುತ್ತದೆ. ಒಂದೇ ವಿಭಾಗದ ಎರಡು ಕೆಲಸಗಳಿಗೆ ಎರಡು ಬೇರೆ ಸರ್ಟಿಫಿಕೇಟ್.

ಯಾವ ಸ್ಪೆಷಾಲಿಟಿಗೆ ಯಾವುದು

ಬೇಗ ಬೇಗ ಹೇಳಿಬಿಡುತ್ತೇನೆ. ನವಜಾತ ಶಿಶುಗಳ ಐಸಿಯುಗೆ (ಎನ್‌ಐಸಿಯು) ನಿಯೊನೇಟಲ್ ಎನ್‌ಪಿ ಬಿಟ್ಟು ಬೇರೆ ದಾರಿ ಹುಡುಕಬೇಡಿ. ಆ ಕೋರ್ಸಿನ ಕ್ಲಿನಿಕಲ್ ಶುರುವಾಗುವ ಮೊದಲು ಎನ್‌ಐಸಿಯುನಲ್ಲಿ ಎರಡು ವರ್ಷದ ನರ್ಸಿಂಗ್ ಅನುಭವ ಕೇಳುತ್ತಾರೆ. ಮಕ್ಕಳ ಐಸಿಯುಗೆ ಪೀಡಿಯಾಟ್ರಿಕ್ ಅಕ್ಯೂಟ್ ಕೇರ್. ವಯಸ್ಕರ ಐಸಿಯು, ಟ್ರಾಮಾ, ಹೃದಯ ಶಸ್ತ್ರಚಿಕಿತ್ಸೆಯ ನಂತರದ ಆರೈಕೆ ಇವೆಲ್ಲಕ್ಕೆ ಅಡಲ್ಟ್–ಜೆರಾಂಟಾಲಜಿ ಅಕ್ಯೂಟ್ ಕೇರ್. ಚರ್ಮ, ಮೂಳೆ, ಎಂಡೋಕ್ರೈನ್‌ಗಳ ಹೊರರೋಗಿ ಕ್ಲಿನಿಕ್ಕಿಗೆ ಫ್ಯಾಮಿಲಿ ಅಥವಾ ವಯಸ್ಕರ ಪ್ರೈಮರಿ ಕೇರ್ ಬುನಾದಿ ಸಾಕು, ಆದರೆ ಮಕ್ಕಳೂ ಬರುವ ಕ್ಲಿನಿಕ್ ಆಗಿದ್ದರೆ ವಯಸ್ಕರ ಸರ್ಟಿಫಿಕೇಟ್ ಸಾಲದು. ಎಂಟು ವರ್ಷದ ಹುಡುಗನ ಎಕ್ಸಿಮಾ ಚಿಕ್ಕದೇ ಇರಬಹುದು, ಅವನು ವಯಸ್ಕರ ಎನ್‌ಪಿಯ ರೋಗಿಯಲ್ಲ.

ಕ್ಯಾನ್ಸರ್ ವಿಭಾಗದಲ್ಲಿ ಎಒಸಿಎನ್‌ಪಿ ಎಂಬ ಸ್ಪೆಷಾಲಿಟಿ ಸರ್ಟಿಫಿಕೇಟ್ ಇದೆ. ಅದು ಮೂರನೇ ಪದರ. ಇದ್ದರೆ ಗೌರವ, ಆದರೆ ಅದೊಂದರಿಂದಲೇ ಲೈಸೆನ್ಸ್ ಸಿಗುವುದಿಲ್ಲ.

ತಕರಾರು ಜಾಸ್ತಿ ಇರುವುದು ಎಮರ್ಜೆನ್ಸಿಯಲ್ಲಿ. ಅಲ್ಲಿ ಕೆಮ್ಮಿನ ಮಗುವೂ ಬರುತ್ತದೆ, ಹೃದಯ ನಿಂತ ಅಜ್ಜನೂ ಬರುತ್ತಾರೆ. ವಯಸ್ಕರ ಅಕ್ಯೂಟ್ ಕೇರ್‌ನವರು ಮಗುವನ್ನು ನೋಡುವಂತಿಲ್ಲ, ಫ್ಯಾಮಿಲಿಯವರಿಗೆ ಅಜ್ಜನ ಸ್ಥಿತಿಗೆ ತರಬೇತಿಯಿಲ್ಲ. ಎಎಎನ್‌ಪಿಸಿಬಿ 2017ರಲ್ಲಿ ಎಮರ್ಜೆನ್ಸಿ ಎನ್‌ಪಿ ಪರೀಕ್ಷೆ ತಂದಿತು, ಅದನ್ನು ಬರೆಯಲು ಮೊದಲು ಎಫ್‌ಎನ್‌ಪಿ ಆಗಿರಬೇಕು. ಕೆಲವರು ಫ್ಯಾಮಿಲಿ ಮತ್ತು ಅಕ್ಯೂಟ್ ಕೇರ್ ಎರಡನ್ನೂ ಮಾಡಿಕೊಳ್ಳುತ್ತಾರೆ. ದುಡ್ಡು, ಸಮಯ ಎರಡೂ ಹೆಚ್ಚು, ಆದರೆ ನನ್ನ ಕಣ್ಣಿಗೆ ಅದೇ ನೆಮ್ಮದಿಯ ದಾರಿ.

ಮಾನಸಿಕ ಆರೋಗ್ಯದ್ದು ಇನ್ನೊಂದು ಬಗೆಯ ಗೊಂದಲ. ಪ್ರೈಮರಿ ಕೇರ್‌ನಲ್ಲಿ ಕೂತ ಎಫ್‌ಎನ್‌ಪಿ ಖಿನ್ನತೆಗೆ ಮಾತ್ರೆ ಬರೆಯುವುದು ದಿನನಿತ್ಯದ ಕೆಲಸ. ಆದರೆ ಸ್ಕಿಜೋಫ್ರೇನಿಯಾ, ಬೈಪೋಲಾರ್ ರೋಗಿಗಳನ್ನೇ ನೋಡುವ ಸೈಕಿಯಾಟ್ರಿ ಕ್ಲಿನಿಕ್ ಆದರೆ ಅದು ಮಾನಸಿಕ ಆರೋಗ್ಯದ ಎನ್‌ಪಿ, ಅಂದರೆ ಪಿಎಂಎಚ್‌ಎನ್‌ಪಿಯ ಜಾಗ. ತಿರುಗಿಯೂ ಅಷ್ಟೇ: ಪಿಎಂಎಚ್‌ಎನ್‌ಪಿಗೆ ಎಲ್ಲ ವಯಸ್ಸಿನ ರೋಗಿಗಳನ್ನು ನೋಡುವ ತರಬೇತಿ ಇದೆ, ಹಾಗಂತ ಅದೇ ರೋಗಿಯ ಬಿಪಿ, ಶುಗರ್ ನೋಡಿಕೊಳ್ಳುವ ಜವಾಬ್ದಾರಿ ಹೊರಬಾರದು.

ನಾಲ್ಕನೇ ಹೆಜ್ಜೆ: ರಾಜ್ಯ ಏನನ್ನುತ್ತದೆ

ಕನ್ಸೆನ್ಸಸ್ ಮಾಡೆಲ್ ಕಾನೂನಲ್ಲ. ಕಾನೂನು ಮಾಡುವುದು ರಾಜ್ಯಗಳು, ಒಂದೊಂದು ಒಂದೊಂದು ಮಟ್ಟಿಗೆ ಅದನ್ನು ಒಪ್ಪಿಕೊಂಡಿವೆ. ಟೆಕ್ಸಾಸ್ ನರ್ಸಿಂಗ್ ಬೋರ್ಡ್ ಲೈಸೆನ್ಸ್ ಕೊಡುವಾಗಲೇ ರೋಲ್ ಮತ್ತು ರೋಗಿವರ್ಗ ಹೆಸರಿಸುತ್ತದೆ. ಅದರ ಆಚೆ ಹೋದರೆ ಲೈಸೆನ್ಸಿಗೇ ಕುತ್ತು. ಕ್ಯಾಲಿಫೋರ್ನಿಯಾದಲ್ಲಿ ಎಬಿ 890 ಎಂಬ 2020ರ ಕಾಯ್ದೆ ವೈದ್ಯರ ಒಪ್ಪಂದವಿಲ್ಲದೆ ಕೆಲಸ ಮಾಡಲು 103 ಮತ್ತು 104 ಎಂಬ ಎರಡು ಹೊಸ ದರ್ಜೆ ತಂದಿದೆ. 103 ಆಗಲು ಮೂರು ವರ್ಷ ಅಥವಾ 4,600 ಗಂಟೆಗಳ ಕೆಲಸ ತೋರಿಸಬೇಕು. ಆ ದರ್ಜೆ ಸಿಗುವುದೂ ನಿಮ್ಮ ಸರ್ಟಿಫಿಕೇಟಿನ ರೋಗಿವರ್ಗಕ್ಕೆ ಮಾತ್ರ.

ಇಲ್ಲಿ ಎರಡು ವಿಷಯ ಬೆರೆಸಬೇಡಿ. ‘ವೈದ್ಯರ ಒಪ್ಪಂದವಿಲ್ಲದೆ ಸ್ವತಂತ್ರವಾಗಿ ಕೆಲಸ ಮಾಡಬಹುದೇ’ ಎಂಬುದು ಒಂದು. ‘ಯಾವ ರೋಗಿಗಳನ್ನು ನೋಡಬಹುದು’ ಎಂಬುದು ಇನ್ನೊಂದು. “ನಮ್ಮದು ಫುಲ್ ಪ್ರಾಕ್ಟೀಸ್ ರಾಜ್ಯ, ಏನು ಬೇಕಾದರೂ ಮಾಡಬಹುದು” ಅನ್ನುವವರು ಸಿಗುತ್ತಾರೆ. ಅವರು ಹೇಳುತ್ತಿರುವುದು ಮೊದಲನೆಯದನ್ನು. ಅದೇ ರೀತಿ “ಡಾಕ್ಟರು ಪಕ್ಕದಲ್ಲೇ ಇರ್ತಾರೆ, ಅವರು ಸೈನ್ ಹಾಕ್ತಾರೆ” ಎಂಬ ಸಮಾಧಾನಕ್ಕೂ ಬಗ್ಗಬೇಡಿ. ವೈದ್ಯರು ತಮ್ಮ ಕೆಲಸವನ್ನು ವಹಿಸಿಕೊಡಬಹುದು, ನಿಮ್ಮ ರೋಗಿವರ್ಗವನ್ನು ಹಿಗ್ಗಿಸಲು ಅವರಿಗೆ ಅಧಿಕಾರವಿಲ್ಲ.

ರಾಜ್ಯದ ನರ್ಸಿಂಗ್ ಬೋರ್ಡಿನ ವೆಬ್‌ಸೈಟ್ ತೆರೆದು ಎನ್‌ಪಿ ವ್ಯಾಪ್ತಿಯ ಬಗ್ಗೆ ಇರುವ ಪುಟವನ್ನು ನೀವೇ ಓದಿ. ಸ್ಪಷ್ಟವಾಗದಿದ್ದರೆ ಬೋರ್ಡಿಗೆ ಇಮೇಲ್ ಮಾಡಿ. ಫೋನಿನಲ್ಲಿ ಕೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ಬಂದ ಉತ್ತರವನ್ನು ಎತ್ತಿಟ್ಟುಕೊಳ್ಳಿ. ದುಡ್ಡಿನ ಕಡೆಯಿಂದಲೂ ಇದು ಮುಖ್ಯ: ಅಮೆರಿಕ ಸರ್ಕಾರ ಮುಖ್ಯವಾಗಿ ವೃದ್ಧರಿಗೆ ಕೊಡುವ ಆರೋಗ್ಯ ವಿಮೆ ಮೆಡಿಕೇರ್, ಎನ್‌ಪಿಗೆ ವೈದ್ಯರ ದರದ 85 ಶೇಕಡಾ ಕೊಡುತ್ತದೆ, ಆದರೆ ಆ ರಾಜ್ಯದ ಕಾನೂನು ಒಪ್ಪಿದ ಕೆಲಸಕ್ಕೆ ಮಾತ್ರ.

ಐದನೇ ಹೆಜ್ಜೆ: ಪ್ರಿವಿಲೇಜ್ ಪಟ್ಟಿ ಕೇಳಿ ಪಡೆಯಿರಿ

ಆಫರ್ ಲೆಟರಿನಲ್ಲಿ ಸಂಬಳ, ರಜೆ, ಇನ್ಶೂರೆನ್ಸ್ ಎಲ್ಲ ಇರುತ್ತದೆ. ನಿಮಗೆ ಬೇಕಾದ್ದು ಇರುವುದಿಲ್ಲ. ಆಸ್ಪತ್ರೆಯ ಕೆಲಸವಾದರೆ ಆ ಹುದ್ದೆಗೆ ಯಾವ ಯಾವ ಕೆಲಸ ಮಾಡಲು ಅನುಮತಿ ಕೊಡುತ್ತಾರೆ ಎಂಬ ಪಟ್ಟಿಯೊಂದು ಇರುತ್ತದೆ. ಸಹಿಗೆ ಮೊದಲು ಅದನ್ನು ಕೇಳಿ. ಕೇಳಲು ಸಂಕೋಚ ಬೇಡ. ನಾವು ಹೆಣ್ಣು ನೋಡಲು ಬಂದವರ ಮುಂದೆ ಕೂತ ಹಾಗೆ ಇಂಟರ್‌ವ್ಯೂನಲ್ಲಿ ತಲೆ ತಗ್ಗಿಸಿ ಕೂರುತ್ತೇವೆ, ಅದು ಬಿಡಬೇಕು. ಇಮೇಲಿನಲ್ಲಿ ಮೂರೇ ವಿಷಯ ಬರೆಯಿರಿ: ನನ್ನ ಸರ್ಟಿಫಿಕೇಟ್ ಇಂಥದ್ದು, ಈ ಹುದ್ದೆಗೆ ನೀವು ಒಪ್ಪುವ ಸರ್ಟಿಫಿಕೇಟ್‌ಗಳು ಯಾವುವು, ಪ್ರಿವಿಲೇಜ್ ಪಟ್ಟಿ ಕಳಿಸಿ.

ಪಟ್ಟಿ ಬಂದ ಮೇಲೆ ಪೆನ್ಸಿಲ್ ಹಿಡಿದು ಕೂರಿ. ಒಂದೊಂದು ಸಾಲಿಗೂ ಎರಡು ಪ್ರಶ್ನೆ. ಇದು ನನ್ನ ರೋಗಿವರ್ಗದ ಒಳಗಿದೆಯೇ? ಇದನ್ನು ನಾನು ಎಲ್ಲಿ ಕಲಿತೆ, ಕಾಗದ ಇದೆಯೇ? ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಅಂತ ಬಂದರೆ ಪರವಾಗಿಲ್ಲ, ಮಾಲೀಕರು ತರಬೇತಿ ಕೊಡಬಹುದು. ಹೊಸಬರನ್ನು ಒಂದಷ್ಟು ಕಾಲ ಗಮನಿಸಿ ಒಪ್ಪಿಗೆ ಕೊಡುವ ಪದ್ಧತಿ ಆಸ್ಪತ್ರೆಗಳಲ್ಲಿ ಇದ್ದೇ ಇದೆ. ಎಫ್‌ಎನ್‌ಪಿಯೊಬ್ಬರು ಚರ್ಮದ ಬಯಾಪ್ಸಿ ಹೀಗೆ ಕಲಿಯಬಹುದು. ಆದರೆ ಮೊದಲನೆಯದಕ್ಕೇ ‘ಇಲ್ಲ’ ಬಂದರೆ ಕೆಲಸದ ಜಾಗದ ಯಾವ ತರಬೇತಿಯೂ ಅದನ್ನು ‘ಹೌದು’ ಮಾಡುವುದಿಲ್ಲ. ಎರಡು ದಿನದ ವರ್ಕ್‌ಶಾಪ್, ಸಿಮ್ಯುಲೇಷನ್ ಕೋರ್ಸ್, ಒಂದು ವರ್ಷದ ಫೆಲೋಶಿಪ್, ಯಾವುದೂ. ಫೆಲೋಶಿಪ್ ಒಳ್ಳೆಯದೇ, ಸರಿಯಾದ ಬುನಾದಿಯ ಮೇಲೆ.

ಮಾಲ್‌ಪ್ರಾಕ್ಟೀಸ್ ವಿಮೆಯ ಕಾಗದವನ್ನೂ ಓದಿ, ವ್ಯಾಪ್ತಿ ಮೀರಿದ ಕೆಲಸಕ್ಕೆ ರಕ್ಷಣೆ ಇದೆಯೇ ಅಂತ.

ಆರನೇ ಹೆಜ್ಜೆ: ಅಂತರ ಇದ್ದರೆ ತುಂಬುವುದು

ದಾರಿ ಇದೆ. ಪೋಸ್ಟ್‌ ಗ್ರಾಜುಯೇಟ್ ಸರ್ಟಿಫಿಕೇಟ್ ಅನ್ನುತ್ತಾರೆ. ಎನ್‌ಪಿ ಮಾಸ್ಟರ್ಸ್ ಆಗಲೇ ಇರುವವರು ಇನ್ನೊಂದು ರೋಗಿವರ್ಗ ಸೇರಿಸಿಕೊಳ್ಳುವ ಕೋರ್ಸು. ಕಾಲೇಜಿನವರು ನಿಮ್ಮ ಹಳೆಯ ಟ್ರಾನ್ಸ್‌ಕ್ರಿಪ್ಟನ್ನು ಹೊಸದರ ಜೊತೆ ಇಟ್ಟು ಗ್ಯಾಪ್ ಅನಾಲಿಸಿಸ್ ಮಾಡುತ್ತಾರೆ. ಆ ಮೂರು ‘ಪಿ’ಗಳು ಸಾಮಾನ್ಯವಾಗಿ ಲೆಕ್ಕಕ್ಕೆ ಬರುತ್ತವೆ. ಹೊಸ ರೋಗಿವರ್ಗದ ಪಾಠ ಮತ್ತು ಕ್ಲಿನಿಕಲ್ ಮಾತ್ರ ಹೊಸದಾಗಿ ಆಗಲೇಬೇಕು. ಮುಗಿಸಿ ಪರೀಕ್ಷೆ ಬರೆದು ಸರ್ಟಿಫಿಕೇಟ್, ಆಮೇಲೆ ರಾಜ್ಯದ ಲೈಸೆನ್ಸಿಗೆ ಅದನ್ನು ಸೇರಿಸುವುದು. ಈ ಕೊನೆಯ ಅರ್ಜಿ ಹಾಕುವುದನ್ನು ಮರೆತು ಕೆಲಸ ಶುರುಮಾಡಿದವರನ್ನು ನಾನು ಕಂಡಿದ್ದೇನೆ.

ಕಾಲೇಜಿಗೆ ದುಡ್ಡು ಕಟ್ಟುವ ಮೊದಲು ಮೂರು ಪ್ರಶ್ನೆ. ಸಿಸಿಎನ್‌ಇ ಅಥವಾ ಎಸಿಇಎನ್‌ನಂಥ ಸಂಸ್ಥೆಯ ಮಾನ್ಯತೆ ಇದೆಯೇ? ನಾನಿರುವ ರಾಜ್ಯದ ವಿದ್ಯಾರ್ಥಿಗಳನ್ನು ಆನ್‌ಲೈನ್ ಸೇರಿಸಿಕೊಳ್ಳಲು ಅನುಮತಿ ಇದೆಯೇ? ಪ್ರಿಸೆಪ್ಟರ್‌ಗಳನ್ನು, ಅಂದರೆ ಕ್ಲಿನಿಕಲ್‌ನಲ್ಲಿ ಜೊತೆಗಿದ್ದು ಕಲಿಸುವವರನ್ನು, ಯಾರು ಹುಡುಕುತ್ತಾರೆ? ಮೂರನೆಯದಕ್ಕೆ “ನಾವು ಸಹಾಯ ಮಾಡ್ತೀವಿ” ಎಂಬ ಉತ್ತರ ಬಂದರೆ ನೀವೇ ಹುಡುಕಬೇಕು ಅಂತಲೇ ಅರ್ಥ. ನನ್ನ ಪರಿಚಯದ ಒಬ್ಬರು ಪ್ರಿಸೆಪ್ಟರ್ ಸಿಗದೆ ಎರಡು ಸೆಮಿಸ್ಟರ್ ಮನೆಯಲ್ಲಿ ಕೂತರು.

ಊರಿನಿಂದ ನೋಡುತ್ತಿರುವವರಿಗೆ

ಕರ್ನಾಟಕದಲ್ಲಿ ಎಂಎಸ್ಸಿ ನರ್ಸಿಂಗ್ ಮಾಡಿದವರು ಕೇಳುವ ಪ್ರಶ್ನೆ: “ನನ್ನದು ಸೈಕಿಯಾಟ್ರಿಕ್ ನರ್ಸಿಂಗ್ ಎಂಎಸ್ಸಿ, ಅಲ್ಲಿ ಪಿಎಂಎಚ್‌ಎನ್‌ಪಿ ಪರೀಕ್ಷೆ ನೇರ ಬರೆಯಬಹುದಾ?” ಆಗುವುದಿಲ್ಲ. ಹೆಸರು ಒಂದೇ ಥರ ಕೇಳಿಸಿದರೂ ಆ ಪದವಿಯ ಉದ್ದೇಶ ಬೇರೆ, ರೋಗನಿರ್ಣಯ ಮಾಡಿ ಔಷಧಿ ಬರೆಯುವ ತರಬೇತಿ ಅದರಲ್ಲಿಲ್ಲ. ಭಾರತೀಯ ನರ್ಸಿಂಗ್ ಕೌನ್ಸಿಲ್ ಕ್ರಿಟಿಕಲ್ ಕೇರ್‌ನಲ್ಲಿ ನರ್ಸ್ ಪ್ರಾಕ್ಟೀಷನರ್ ಎಂಬ ಎರಡು ವರ್ಷದ ರೆಸಿಡೆನ್ಸಿ ಕೋರ್ಸ್ ರೂಪಿಸಿದೆ, ಮಿಡ್‌ವೈಫರಿಯಲ್ಲಿ 18 ತಿಂಗಳದ್ದು ಇದೆ. ಅವು ನಮ್ಮ ದೇಶದ ವ್ಯವಸ್ಥೆಗೆ ಮಾಡಿದವು, ಅಮೆರಿಕದ ಲೈಸೆನ್ಸಿಗೆ ನೇರ ಸೇತುವೆಯಲ್ಲ.

ದಾರಿ ಹೀಗೆ: ಬಿಎಸ್ಸಿ ದಾಖಲೆಗಳ ಮೌಲ್ಯಮಾಪನ, ನರ್ಸ್ ಲೈಸೆನ್ಸಿಗೆ ಬೇಕಾದ ಎನ್‌ಕ್ಲೆಕ್ಸ್–ಆರ್‌ಎನ್ ಪರೀಕ್ಷೆ (ಬೆಂಗಳೂರಿನಲ್ಲೇ ಬರೆಯಬಹುದು), ವೀಸಾ, ಅಲ್ಲಿ ಕೆಲವು ವರ್ಷ ನರ್ಸ್ ಕೆಲಸ, ಆಮೇಲೆ ಅಲ್ಲಿಯ ಎನ್‌ಪಿ ಕೋರ್ಸು. ಎನ್‌ಪಿ ಕೋರ್ಸಿನ ಆಯ್ಕೆ ಮಾಡುವಾಗ ‘ಯಾವುದು ಬೇಗ ಮುಗಿಯುತ್ತದೆ, ಯಾವುದರಲ್ಲಿ ಸೀಟು ಇದೆ’ ಅಂತ ನೋಡುವವರೇ ಹೆಚ್ಚು. ನಾನೂ ಹಾಗೇ ಮಾಡಿದೆ. ಎಫ್‌ಎನ್‌ಪಿ ಇದ್ದರೆ ಎಲ್ಲಿ ಬೇಕಾದರೂ ಕೆಲಸ ಸಿಗುತ್ತದೆ ಅಂತ ಯಾರೋ ಅಂದರು. ನೀವು ಉಲ್ಟಾ ಲೆಕ್ಕ ಹಾಕಿ. ಮೊದಲು ಯಾವ ರೋಗಿಗಳ ಜೊತೆ ಇರಲು ಇಷ್ಟ ಅಂತ ಗೊತ್ತುಮಾಡಿಕೊಳ್ಳಿ, ನಂತರ ಕೋರ್ಸು, ಕೊನೆಗೆ ಕಾಲೇಜು. ಐಸಿಯು ಬಿಟ್ಟಿರಲಾರೆ ಅನ್ನುವವರು ಎಫ್‌ಎನ್‌ಪಿಗೆ ಸೇರಿ ಆಮೇಲೆ ನನ್ನ ಹಾಗೆ ಒದ್ದಾಡಬೇಡಿ.

ಆ ಹುಡುಗಿಗೆ ಪ್ರಿವಿಲೇಜ್ ಪಟ್ಟಿ ಬಂದಿದ್ದು ಹನ್ನೊಂದು ದಿನಕ್ಕೆ, ಮೂರು ಸಲ ನೆನಪಿಸಿದ ಮೇಲೆ. ಇಪ್ಪತ್ನಾಲ್ಕು ಸಾಲು. ಪೆನ್ಸಿಲ್ ಹಿಡಿದು ಕೂತಳು, ಹದಿನೇಳಕ್ಕೆ ಕಾಟು ಬಿತ್ತು. ಅದನ್ನೇ ಸ್ಕ್ಯಾನ್ ಮಾಡಿ ಮ್ಯಾನೇಜರಿಗೆ ಕಳಿಸಿ, ಈ ಹುದ್ದೆ ಈಗ ಒಪ್ಪಲಾರೆ, ಕ್ಲಿನಿಕ್ಕಿನಲ್ಲಿ ಏನಾದರೂ ಇದೆಯೇ ಅಂತ ಕೇಳಿದಳು. ಅದೇ ಆಸ್ಪತ್ರೆಯ ಹಾರ್ಟ್ ಫೇಲ್ಯೂರ್ ಕ್ಲಿನಿಕ್ಕಿನಲ್ಲಿ ಜಾಗ ಸಿಕ್ಕಿತು. ಸಂಬಳ ಸ್ವಲ್ಪ ಕಮ್ಮಿ, ನೈಟ್ ಡ್ಯೂಟಿ ಇಲ್ಲ. ಜನವರಿಯಲ್ಲಿ ವಯಸ್ಕರ ಅಕ್ಯೂಟ್ ಕೇರ್ ಸರ್ಟಿಫಿಕೇಟ್ ಕೋರ್ಸಿಗೆ ಸೇರಿದ್ದಾಳೆ.

ಮೊನ್ನೆ ಮತ್ತೆ ಫೋನ್: “ಅಕ್ಕಾ, ನಿಮ್ ಕಡೆ ಐಸಿಯುನಲ್ಲಿ ಯಾರಾದ್ರೂ ಪ್ರಿಸೆಪ್ಟರ್ ಸಿಗ್ತಾರಾ? ಕಾಲೇಜಿನೋರು ಸಹಾಯ ಮಾಡ್ತೀವಿ ಅಂದಿದ್ರು.” ಇಬ್ಬರನ್ನು ಕೇಳಿದ್ದೇನೆ. ಒಬ್ಬರು ಆಗಲ್ಲ ಅಂದರು, ಇನ್ನೊಬ್ಬರು ಬಯೋಡೇಟಾ ಕಳಿಸಲು ಹೇಳಿದ್ದಾರೆ.